ಹತ್ತು ನಿಮಿಷ ಮುಂದಿನ ಸುನಂದಮ್ಮ

ಗಾವಡಗೆರೆಗೆ ಹತ್ತಿರದ ಊರೊಂದರಲ್ಲಿ ಹಾಲಿನ ಡೈರಿ ಕಾರ್ಯದರ್ಶಿ ಸುನಂದಮ್ಮ. ಅವಳಿಗೊಂದು ಚಾಳಿ: ಕಣ್ಣಿಗೆ ಬಿದ್ದ ಗಡಿಯಾರವನ್ನೆಲ್ಲ ಹತ್ತು ನಿಮಿಷ ಮುಂದಕ್ಕೆ ತಿರುಗಿಸಿಡುವುದು. ಮದುವೆಯಾದ ಹೊಸತರಲ್ಲಿ ಹುಣಸೂರಿನ ಬಸ್ಸು ತಪ್ಪಿಹೋಗಿ, ಅಪ್ಪನ ಮುಖವನ್ನು ಕೊನೆಯ ಸಲ ನೋಡಲಾಗಲಿಲ್ಲ. ಆದ್ದರಿಂದ ಈ ಚಾಳಿಯನ್ನು ಆಡಿಕೊಳ್ಳಲು ಊರಲ್ಲಿ ಯಾರಿಗೂ ಬಾಯಿ ಬರುವುದಿಲ್ಲ. ಅವಳ ಮನೆಯ ಗಡಿಯಾರ ನೋಡಿದವರು ಮನಸ್ಸಿನಲ್ಲೇ ಹತ್ತು ಕಳೆದುಕೊಳ್ಳುತ್ತಾರೆ, ಅಷ್ಟೆ.

ಡೈರಿಯ ಕಂಪ್ಯೂಟರಿಗೂ ಅದೇ ಶಾಸ್ತ್ರ. ಹಾಲಿನ ಲೆಕ್ಕ ಹಿಡಿಯುವ ತಂತ್ರಾಂಶ ಓಬೀರಾಯನ ಕಾಲದ್ದು, ಹೊಸ ಕಂಪ್ಯೂಟರಿನಲ್ಲಿ ಓಡಲೊಲ್ಲದು. ಅದಕ್ಕೆ ರಿಪೇರಿಯ ಮಹೇಶ್‌ಕುಮಾರ್ ಹೊಸದರ ಹೊಟ್ಟೆಯೊಳಗೇ ಒಂದು ಸುಳ್ಳು ಕಂಪ್ಯೂಟರನ್ನು ಕೂರಿಸಿಕೊಟ್ಟಿದ್ದ. ಒಳಗಿನದಕ್ಕೂ ತನ್ನದೇ ಗಡಿಯಾರ. ಅದರಲ್ಲಿ ಬೆಳಿಗ್ಗೆ ಏಳೂವರೆಯಾದರೆ ಹಾಲು ತೆಗೆದುಕೊಳ್ಳುವುದು ಬಂದ್. ಸುನಂದಮ್ಮ ಅದನ್ನು ಹತ್ತು ನಿಮಿಷ ಮುಂದಿಡುವಳು. ಆರಿಸಿ ಮಾರನೆಯ ದಿನ ಆನ್ ಮಾಡಿದರೆ ಅದು ಮತ್ತೆ ಸರಿಯಾದ ಹೊತ್ತನ್ನೇ ತೋರಿಸುವುದು. “ಇದ್ಕೆ ನೆಪ್ಪೇ ಇಲ್ಲ ಕಣಪ್ಪ, ದಿನಾ ಹೇಳ್ಕೊಡ್ಬೇಕು” ಎಂದು ಮಹೇಶನನ್ನು ಬೈದಳು.

ಅವನು ಬಂದು ಸರಿಮಾಡಿದ. ಇನ್ನು ಒಳಗಿನ ಗಡಿಯಾರವನ್ನು ಬದಲಿಸಿದರೆ ಹೊರಗಿನ ಕಂಪ್ಯೂಟರಿಗೆ ಸುದ್ದಿ ಮುಟ್ಟುತ್ತದೆ. ಎಷ್ಟು ಮುಂದಿಟ್ಟರೋ ಅಷ್ಟನ್ನು ಅದು ನೆನಪಿಟ್ಟುಕೊಂಡು ಮಾರನೆಯ ದಿನ ಹಾಗೇ ಕೊಡುತ್ತದೆ. “ಒಂದ್ಸಲ ಇಟ್ರೆ ಸಾಕು ಕಣಕ್ಕ” ಅಂದ. ಹಾಲಿನ ಜಿಡ್ಡು ನೋಡುತ್ತಿದ್ದ ಸುನಂದಮ್ಮ “ಹೂಂ” ಅಂದಳು. ಕಿವಿಗೆ ಬಿದ್ದಿದ್ದರೆ ತಾನೆ! ಮಾರನೆಯ ಬೆಳಿಗ್ಗೆಯೂ ಕೈ ತಾನಾಗಿ ಹತ್ತು ನಿಮಿಷ ಮುಂದೊತ್ತಿತು. ಅದರ ಮಾರನೆಯ ದಿನವೂ. ಡೈರಿ ದಿನೇ ದಿನೇ ಬೇಗ ಮುಚ್ಚತೊಡಗಿತು. ಊರವರು “ಸುನಂದಕ್ಕನ ದರ್ಬಾರು” ಎಂದು ಗೊಣಗಿಕೊಂಡು ಬೇಗ ಬೇಗ ಬಂದರು.

ಪೆಟ್ಟು ಬಿದ್ದದ್ದು ತಿಮ್ಮಮ್ಮನಿಗೆ. ಕೆರೆಯಾಚೆಯ ಒಂಟಿಮನೆಯ ಮುದುಕಿ, ಒಂದೇ ಹಸು, ಬಿಸಿಲು ನೋಡಿ ಹೊತ್ತು ಹೇಳುವವಳು. ಎಲ್ಲರಿಗಿಂತ ಕೊನೆಗೆ ಬರುತ್ತಿದ್ದಳು, ಆದರೆ ಒಂದು ದಿನವೂ ತಪ್ಪಿದವಳಲ್ಲ. ಈಗ ಯಾವಾಗ ಬಂದರೂ ಬಂದ್.

“ನಿನ್ ಕಾಲು ಸೋತವೆ ತಿಮ್ಮಕ್ಕ. ಹಸ ಕೊಟ್ಬುಟ್ಟು ಆಯಾಗಿರು” ಎಂದಳು ಸುನಂದಮ್ಮ, ಒಳ್ಳೆಯ ಮನಸ್ಸಿನಿಂದಲೇ.

ತಿಮ್ಮಮ್ಮ ಕೋಳಿ ಕೂಗುವ ಮೊದಲೇ ಎದ್ದು ನೋಡಿದಳು. ಹೊತ್ತಿಗೆ ಮುಂಚೆ ಕರೆಯಲು ಕೂತರೆ ಹಸು ಹಾಲಿಳಿಸಬೇಕಲ್ಲ! ಏದುಸಿರು ಬಿಟ್ಟುಕೊಂಡು ನಡೆದಳು, ಆದರೂ ತಡ. ತುಂಬಿದ ಕ್ಯಾನು ಹೊತ್ತು ವಾಪಸು ಹೋಗುವಾಗ ಪಾಪ, ಅವಳಿಗೆ ತನ್ನ ಮೇಲೇ ನಂಬಿಕೆ ಹೋಯಿತು. ಹಸುವನ್ನು ಕರೆದುಕೊಂಡು ಹೋಗೆಂದು ಕೆ.ಆರ್. ನಗರದ ತಮ್ಮನಿಗೆ ಹೇಳಿಕಳಿಸಿದಳು.

ಅವನು ಬರುವ ದಿನ ಬೆಳಿಗ್ಗೆ ಸುನಂದಮ್ಮ ಹಾಲಿನ ವ್ಯಾನಿನವನನ್ನು “ದಿನಾ ಲೇಟು” ಎಂದು ತರಾಟೆಗೆ ತೆಗೆದುಕೊಂಡಳು. ಅವನು ತನ್ನ ಫೋನನ್ನು ಅವಳ ಮುಂದೆ ಹಿಡಿದ. ಡೈರಿ ಗಡಿಯಾರಕ್ಕೂ ಫೋನಿಗೂ ಐವತ್ತು ನಿಮಿಷ ಅಂತರ. ಗಾಬರಿಯಾಗಿ ಮಹೇಶನಿಗೆ ಫೋನ್ ಮಾಡಿದಳು.

“ಅಯ್ಯೋ, ದಿನಾ ಮುಂದಿಡ್ತಾನೇ ಇದ್ದೀರಾ? ನೆನ್ನೇದು, ಮೊನ್ನೇದು ಎಲ್ಲಾನೂ ಕೂಡಿಸ್ಕೊಂಡದೆ ಕಣಕ್ಕ ಅದು” ಎಂದ ಅವನು.

ತಿಮ್ಮಮ್ಮನ ಹಸು ಹೋಗುವುದು ಇವತ್ತೇ ಎಂದು ಸುನಂದಮ್ಮನಿಗೆ ನೆನಪಾಯಿತು. ಡೈರಿಯನ್ನು ತೆರೆದೇ ಬಿಟ್ಟು, ಹಾಲಿನ ಕೈಯಲ್ಲೇ ಕೆರೆ ಏರಿಯ ಮೇಲೆ ಓಡಿದಳು. ಒಂಟಿಮನೆಯ ಮುಂದೆ ಟೆಂಪೋ ನಿಂತಿತ್ತು, ತಮ್ಮ ಹಗ್ಗ ಬಿಚ್ಚುತ್ತಿದ್ದ.

“ಬುಡಪ್ಪ, ಬುಡು ಹಗ್ಗವ! ತಿಮ್ಮಕ್ಕ, ತಡವಾಗಿ ಬಂದೋಳು ನೀನಲ್ಲ. ನಾನೇ ಗಡಿಯಾರ ಮುಂದುಕ್ ತಳ್ತಿದ್ದೆ. ತಪ್ಪು ನಂದು ಕಣಕ್ಕ.”

ತಿಮ್ಮಮ್ಮ ಹಸುವಿನ ಕಡೆ ನೋಡಲಿಲ್ಲ, ತಮ್ಮನ ಕಡೆಯೂ ನೋಡಲಿಲ್ಲ. ಮೆಲ್ಲಗೆ ಜಗಲಿಯ ಮೇಲೆ ಕೂತು ಎರಡೂ ಮಂಡಿಯನ್ನು ಅಂಗೈಯಲ್ಲಿ ಸವರಿಕೊಂಡಳು.

“ಅಂಗಾರೆ ನನ್ ಕಾಲು ನೆಟ್ಟಗೇ ಅವೆ ಅನ್ನವ್ವ” ಎಂದಳು. ಅಂದವಳೇ ಗೊಳೋ ಎಂದು ಅತ್ತುಬಿಟ್ಟಳು.