ಮೇಷ್ಟ್ರ ಕಾರಿನ ಫ್ಯಾನು

ಮೊನ್ನೆ ಶಿಕಾರಿಪುರದ ಬಸ್ ಸ್ಟ್ಯಾಂಡಿನ ಎದುರು ಚಹಾ ಕುಡಿಯುತ್ತಾ ನಿಂತಿದ್ದೆ. ಒಂದು ಕಾರು ಬಂದು ನಿಂತಿತು. ಎಂಜಿನ್ನು ಬಂದ್ ಆದರೂ ಒಳಗಿನ ಫ್ಯಾನು ಗುಂಯ್ ಎಂದು ತಿರುಗುತ್ತಲೇ ಇತ್ತು. ನಾನು ಲೋಟ ಕೆಳಗಿಟ್ಟು, ಹೋಗಿ, ಕಾರಿನ ಮೂತಿಯ ಮುಂದೆ ಬಗ್ಗಿ ಅಂಗೈ ಹಿಡಿದೆ. ಕಾರಿನವನು ಗಾಬರಿಯಿಂದ ಇಳಿದು, "ಏನಾಯ್ತ್ರೀ ಸಾರ್?" ಎಂದ. "ಏನಿಲ್ಲ, ಗಾಳಿ ಯಾವ ಕಡೆ ಹೋಗ್ತೈತೆ ಅಂತ ನೋಡ್ದೆ" ಎಂದೆ. ಅವನು ನನ್ನ ನೆರೆತ ತಲೆ ನೋಡಿ, ಬಾಗಿಲು ಹಾಕಿಕೊಂಡು ತನ್ನ ಪಾಡಿಗೆ ಹೋದ. ವಯಸ್ಸಾದವರಿಗೆ ನಮ್ಮ ಊರಿನಲ್ಲಿ ಇಷ್ಟು ರಿಯಾಯಿತಿ ಇದೆ.

ಈ ಚಟ ನನಗೆ ಅಂಟಿಕೊಂಡದ್ದು ಮೂರು ವರ್ಷದ ಹಿಂದಿನ ಗೌರಿ ಹಬ್ಬದಿಂದ. ಅದಕ್ಕೂ ಮೊದಲು ನಾನು ಯಾರು ಎಂದು ಹೇಳಿಬಿಡುತ್ತೇನೆ, ನಗುವುದಕ್ಕೆ ನಿಮಗೆ ಅನುಕೂಲವಾಗುತ್ತದೆ. ನಾನು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದ ಮೇಷ್ಟ್ರು. ವಿದ್ಯುತ್ತಿನ ಮೋಟಾರು ಹೇಗೆ ತಿರುಗುತ್ತದೆ ಎಂದು ಪ್ರತಿವರ್ಷ ಹಲಗೆಯ ಮೇಲೆ ಬರೆದು ತೋರಿಸಿದವನು. ನಿವೃತ್ತನಾದ ಮೇಲೂ ಕಲಿಸುವ ತೆವಲು ಹೋಗಲಿಲ್ಲ, ಕೇಳುವವರು ಮಾತ್ರ ಹೋದರು.

ಸೊರಬದ ಗಿರಿಜಕ್ಕನ ವಿಷಯವನ್ನೂ ಈಗಲೇ ಹೇಳಬೇಕು. ಗಿರಿಜಕ್ಕ ನನ್ನ ಹೆಂಡತಿ ಸರೋಜಳ ಅಕ್ಕ. ಅಣ್ಣತಮ್ಮಂದಿರಿಲ್ಲದ ಇಬ್ಬರೇ ಹೆಣ್ಣುಮಕ್ಕಳು. ತಾಯಿ ಹೋದ ಮೇಲೆ ಗೌರಿ ಹಬ್ಬಕ್ಕೆ ಕರೆದು ಸರೋಜಳಿಗೆ ಬಾಗಿನ ಕೊಡುತ್ತಿದ್ದವಳು ಗಿರಿಜಕ್ಕನೇ. ತವರು ಎಂದು ಉಳಿದಿದ್ದು ಅದೊಂದು ಮನೆ. ಅದನ್ನೂ ನಾನೇ ಕೆಡಿಸಿದೆ. ಅವರ ಗೃಹಪ್ರವೇಶದ ದಿನ, ಬಚ್ಚಲಿನ ನೆಲಕ್ಕೆ ಗಿರಿಜಕ್ಕನ ಗಂಡ, ನಮ್ಮ ಭಾವ, ತಾವೇ ಕೈಯಾರೆ ಟೈಲ್ಸ್ ಹಾಕಿದ್ದಾರೆಂದು ಯಾರೋ ಹೊಗಳಿದರು. ನನಗೆ ತಡೆಯಲಾಗಲಿಲ್ಲ. ನೆಂಟರನ್ನೆಲ್ಲ ಕರೆದು, ಒಂದು ಚೊಂಬು ನೀರು ಸುರಿದು ತೋರಿಸಿದೆ.

"ನೋಡಿ, ನೀರು ಕಿಂಡಿ ಕಡೆ ಹೋಗೋದು ಬಿಟ್ಟು ನಡುಮನೆಗೆ ಬರ್ತಾ ಐತೆ. ಇಳಿಜಾರು ಅಂದ್ರೆ ಏನು ಅಂತ ಸಣ್ಣ ಮಕ್ಕಳಿಗೂ ಗೊತ್ತಿರ್ತದೆ!"

ನಾಲ್ಕು ಜನ ನಕ್ಕರು. ಭಾವ ಗೋಣಿಚೀಲ ತಂದು ನೀರು ಒರೆಸಿದರು. ಆ ವರ್ಷ ಹಬ್ಬಕ್ಕೆ ಸೊರಬದಿಂದ ಕರೆ ಬರಲಿಲ್ಲ. ಮರುವರ್ಷವೂ ಬರಲಿಲ್ಲ. ನಡುವೆ ಅವರ ಮನೆಯ ಒಂದು ಪೂಜೆಗೆ ಮುಖ ತೋರಿಸಲು ನಾಚಿಕೆಯಾಗಿ, ಕಾರು ಕೆಟ್ಟಿದೆ ಎಂದು ಸುಳ್ಳು ಹೇಳಿ ತಪ್ಪಿಸಿಕೊಂಡಿದ್ದೆ. ಸರೋಜ ನನ್ನನ್ನು ಒಮ್ಮೆಯೂ ಬೈಯಲಿಲ್ಲ. ಬೈದಿದ್ದರೆ ವಾದ ಮಾಡಿ ಗೆಲ್ಲುತ್ತಿದ್ದೆ.

ಮೂರನೆಯ ವರ್ಷ, ಹಬ್ಬಕ್ಕೆ ಎಂಟು ದಿನ ಇರುವಾಗ ಗಿರಿಜಕ್ಕ ಫೋನ್ ಮಾಡಿದಳು. "ಹಬ್ಬಕ್ಕೆ ಬಾರೇ. ಮಧ್ಯಾಹ್ನ ಎಲೆ ಹಾಕೋಷ್ಟರಲ್ಲಿ ಬಂದ್ಬಿಡು" ಎಂದಳಂತೆ. ಮಾತು ಮುಗಿದ ಮೇಲೂ ಸರೋಜ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಆಮೇಲೆ, "ಬೆಳಿಗ್ಗೆ ಬಸ್ಸಿಗೆ ಹೋಗಿಬಿಡಾಣ್ರೀ" ಎಂದಳು. ಮನೆಯಲ್ಲಿ ಕಾರಿಟ್ಟುಕೊಂಡು ಬಸ್ಸೇ? ಕೆಟ್ಟಿದೆ ಎಂದು ಸುಳ್ಳು ಹೇಳಿದ್ದೆನಲ್ಲ, ಆ ಕಾರು ಈಗ ನಿಜವಾಗಿಯೂ ಕೆಟ್ಟಿತ್ತು ಅನ್ನಿ. ಹಳೆಯ ಕಾರು, ಎಂಜಿನ್ ತಣಿಸುವ ಫ್ಯಾನು ತಿರುಗುತ್ತಿರಲಿಲ್ಲ. "ಮೆಕ್ಯಾನಿಕ್ ಯಾಕೆ, ನಾನೇ ಮಾಡ್ತೀನಿ" ಎಂದೆ. ಸರೋಜ ನಿಟ್ಟುಸಿರು ಬಿಟ್ಟಳು. ಅದನ್ನು ನಾನು ಸಮ್ಮತಿ ಎಂದು ತಿಳಿದೆ.

ಜಗಲಿಯ ಮೇಲೆ ಪೇಪರು ಹಾಸಿ ನಾಲ್ಕು ದಿನ ಕೂತೆ. ರೇಡಿಯೇಟರಿನ ಹಿಂದಿದ್ದ ಫ್ಯಾನು ಬಿಚ್ಚಿ ನೋಡಿದರೆ ಮೋಟಾರಿನೊಳಗಿನ ಕಾರ್ಬನ್ ಬ್ರಷ್ಷು ಸವೆದು ಹೋಗಿತ್ತು. ಮೋಟಾರಿಗೆ ತಂತಿ ಸುತ್ತುವವನ ಅಂಗಡಿಯಿಂದ ದೊಡ್ಡ ಬ್ರಷ್ಷು ತಂದು, ಉಪ್ಪುಕಾಗದಕ್ಕೆ ಉಜ್ಜಿ ಉಜ್ಜಿ ಅಳತೆಗೆ ತಂದೆ. ವೈರಿನ ಪ್ಲಗ್ಗು ಸುಟ್ಟು ಕರಗಿತ್ತು. ಅದನ್ನು ಕತ್ತರಿಸಿ ಎಸೆದೆ. ಎರಡು ವೈರುಗಳೂ ಒಂದೇ ಹಾಗೆ ಕಪ್ಪಾಗಿದ್ದವು. ಯಾವುದಕ್ಕೆ ಯಾವುದು? ಹೇಗಾದರೂ ಫ್ಯಾನಲ್ಲವೇ ಎಂದು ಸೇರಿಸಿ ಟೇಪು ಸುತ್ತಿದೆ. ಕೊನೆಗೆ ಕೈಯಲ್ಲಿ ಒಂದು ಸ್ಕ್ರೂ ಉಳಿಯಿತು. ಅದನ್ನು ಜೇಬಿಗೆ ಹಾಕಿಕೊಂಡೆ.

ಕಾರು ಚಾಲೂ ಮಾಡಿದೆ. ಬಿಸಿ ಏರುತ್ತಲೇ ಫ್ಯಾನು ಭರ್ರೆಂದು ತಿರುಗಿತು. ಮುಂದೆ ಹೋಗಿ ನಿಂತರೆ ಆಹಾ, ಮುಖಕ್ಕೆ ಗಾಳಿಯೋ ಗಾಳಿ! ಓಣಿಯವರನ್ನೆಲ್ಲ ಕರೆದೆ. ಎದುರು ಮನೆಯ ಶೇಖರಪ್ಪ ಅಂಗಿಯ ಗುಂಡಿ ಬಿಚ್ಚಿ ನಿಂತು, "ಏನ್ ಗಾಳಿ ಐತ್ರೀ ಮೇಷ್ಟ್ರೇ! ನಮ್ಮನಿ ಫ್ಯಾನೂ ಹಿಂಗೆ ಬೀಸಲ್ಲ" ಎಂದ. ನಾನು ಮೀಸೆಯ ಮೇಲೆ ಕೈಯಾಡಿಸಿದೆ. ಆಗ ಸರೋಜ ನನ್ನ ತೋಳು ಹಿಡಿದು ತುಳಸಿಕಟ್ಟೆಯ ಆಚೆಗೆ ಕರೆದುಕೊಂಡು ಹೋಗಿ ಮೆಲ್ಲಗೆ ಕೇಳಿದಳು: "ಗಾಳಿ ಎಂಜಿನ್ ಕಡೆ ಹೋಗ್ಬೇಕಲ್ಲೇನ್ರೀ? ಇದು ಬೀದಿಗೆ ಬರ್ತೈತಲ್ಲ?"

ನಾನು ಮೆಲ್ಲಗೆ ಮಾತಾಡುವ ಜಾತಿಯವನೇ? ಎಲ್ಲರಿಗೂ ಕೇಳುವ ಹಾಗೆ, "ಫ್ಯಾನು ಅಂದ್ಮೇಲೆ ಗಾಳಿ ಬರ್ಲೇಬೇಕು ಕಣೇ. ಇದು ವಿಜ್ಞಾನ, ಒಗ್ಗರಣೆ ಅಲ್ಲ" ಎಂದೆ. ಎಲ್ಲರೂ ನಕ್ಕರು. ಅವಳು ಒಳಗೆ ಹೋದಳು.

ಹಬ್ಬದ ದಿನ ಹಿಂದಿನ ಸೀಟಿನಲ್ಲಿ ಅಕ್ಕನಿಗೆ ಕೊಡುವ ಬಾಗಿನದ ಮೊರ ಇಟ್ಟುಕೊಂಡು ಹೊರಟೆವು. ಶಿರಾಳಕೊಪ್ಪದ ಹಬ್ಬದ ಜನಜಂಗುಳಿಯಲ್ಲಿ ತೆವಳುವಾಗಲೇ ಬಿಸಿಯ ಮುಳ್ಳು ಮೇಲೇರಿತು. ಊರು ದಾಟಿದರೆ ಇಳಿಯುತ್ತದೆ ಎಂದೆ. ದಾಟಿದ ಮೇಲೆ ಇನ್ನೂ ಏರಿತು. ಸೊರಬದ ದಾರಿಯಲ್ಲಿ ಒಂದು ಮೆಕ್ಕೆಜೋಳದ ಹೊಲದ ಪಕ್ಕ ಬಾನೆಟ್ಟಿನಿಂದ ಹಬೆ ಎದ್ದಿತು. ಕಾರು ನಿಲ್ಲಿಸಿದೆ. ಹನ್ನೆರಡು ದಾಟಿತ್ತು.

"ಅಕ್ಕನಿಗೆ ಫೋನ್ ಮಾಡು, ಕಾರು ಕೆಟ್ಟಿದೆ ಅಂತ" ಎಂದೆ.

"ಅದನ್ನ ನೀವು ಆಗ್ಲೇ ಒಂದ್ಸಲ ಹೇಳೀರಲ್ರೀ" ಎಂದಳು ಸರೋಜ. "ಈಗ ಹೇಳಿದ್ರೆ ಯಾರು ನಂಬ್ತಾರೆ? ಇವತ್ತು ಹೋಗ್ಲಿಲ್ಲ ಅಂದ್ರೆ ಅಕ್ಕ ಇನ್ನು ಕರೆಯಲ್ಲ." ಅವಳ ಕಣ್ಣು ತುಂಬಿತ್ತು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಎಂಜಿನ್ನು ನಿಂತಿದ್ದರೂ ಫ್ಯಾನು ಮಾತ್ರ ಗುಂಯ್ಗುಡುತ್ತಿತ್ತು. ಸರೋಜ ಕಣ್ಣೊರೆಸಿಕೊಂಡು, ಮಲ್ಲಿಗೆ ಸುತ್ತಿದ್ದ ಪೇಪರು ಹರಿದು, ಚೂರುಗಳನ್ನು ಕಾರಿನ ಮೂತಿಯ ಮುಂದೆ ಬಿಟ್ಟಳು. ಅವು ದೂರ ರಸ್ತೆಗೆ ಹಾರಿದವು.

"ನಮ್ಮಪ್ಪ ಕಣದಾಗೆ ಭತ್ತ ತೂರೋಕೆ ಮೊದ್ಲು ಒಂದು ಹಿಡಿ ಹೊಟ್ಟು ಬಿಟ್ಟು ಗಾಳಿ ನೋಡ್ತಿದ್ರು. ಕಾರು ಓಡುವಾಗ ಗಾಳಿ ಒಳಗೆ ನುಗ್ತೈತೆ, ನಿಮ್ಮ ಫ್ಯಾನು ಹೊರಗೆ ದಬ್ತೈತೆ. ಎರಡೂ ಎದುರಾ ಎದುರು ನಿಂತ್ರೆ ಎಂಜಿನ್ ಹೆಂಗೆ ತಣ್ಣಗಾಗ್ತೈತ್ರೀ?"

ವಿದ್ಯುತ್ತಿನ ದಿಕ್ಕು ಬದಲಾದರೆ ಮೋಟಾರು ತಿರುಗುವ ದಿಕ್ಕೂ ಬದಲಾಗುತ್ತದೆ. ಎರಡು ಅಂಕದ ಪ್ರಶ್ನೆ. ಇದಕ್ಕೆ ಉತ್ತರ ಬರೆಯದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಅಲ್ಲಿ ಬೆಂಚು ಇರಲಿಲ್ಲ, ಹಾಗಾಗಿ ರಸ್ತೆಯ ಮೇಲೆ ಇಂಗು ತಿಂದ ಮಂಗನ ಹಾಗೆ ನಿಂತೆ. ಟೇಪು ಬಿಚ್ಚಿ ವೈರು ಅದಲು ಬದಲು ಮಾಡಲು ಎರಡು ನಿಮಿಷ ಸಾಕಾಯಿತು. ಎಂಜಿನ್ನು ತಣಿಯಲು ಒಂದೂವರೆ ಗಂಟೆ ಬೇಕಾಯಿತು. ಹೊಲದವರು ಕೊಡದಲ್ಲಿ ನೀರು ಕೊಟ್ಟರು.

ಸೊರಬ ಸೇರಿದಾಗ ಮೂರು ಗಂಟೆ. ಗಿರಿಜಕ್ಕ ಗೇಟಿನಲ್ಲೇ ನಿಂತಿದ್ದಳು. ನನ್ನ ಮಸಿ ಹತ್ತಿದ ಕೈ ನೋಡಿದಳು, ತಂಗಿಯ ಮುಖ ನೋಡಿದಳು, ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಯಾರೂ ಊಟ ಮಾಡಿರಲಿಲ್ಲ. ಎಲೆಯ ಮುಂದೆ ಕೂತು ಫ್ಯಾನಿನ ಕಥೆಯನ್ನು ನಾನೇ ಹೇಳಿದೆ, ಒಂದನ್ನೂ ಮುಚ್ಚಿಡದೆ. ಗಿರಿಜಕ್ಕ ನಗು ತಡೆಯಲಾಗದೆ ಪಾಯಸದ ಸೌಟು ಕೆಳಗಿಟ್ಟಳು. ಆ ನಗುವಿನ ನಡುವೆಯೇ, "ಭಾವ, ಅವತ್ತು ನಿಮ್ಮ ಬಚ್ಚಲಲ್ಲಿ ನಾನು ಮಾಡಿದ್ದು ತಪ್ಪು" ಎಂದೆ. ಅಂಥ ಮಾತು ನನ್ನ ಬಾಯಿಂದ ಅಲ್ಲಿಯವರೆಗೆ ಬಂದದ್ದಿಲ್ಲ.

ಭಾವ ಅನ್ನ ಕಲಸುವುದನ್ನು ನಿಲ್ಲಿಸಿದರು. "ನೀವು ಹೇಳಿದ್ದು ಸರೀನೇ ಇತ್ತು ಮೇಷ್ಟ್ರೇ. ಮಾರನೇ ದಿನಾನೇ ಕೀಳಿಸಿ ಸರಿ ಮಾಡಿಸ್ದೆ. ನನ್ನೊಬ್ಬನ್ನ ಬದಿಗೆ ಕರೆದು ಹೇಳ್ಬಹುದಿತ್ತು, ಅಷ್ಟೇ."

ನಾನು ಸರೋಜಳ ಕಡೆ ನೋಡಿದೆ. ಬದಿಗೆ ಕರೆದು ಹೇಳುವುದು ಎಂದರೆ ಏನೆಂದು ನಾಲ್ಕೇ ದಿನದ ಹಿಂದೆ ನಮ್ಮ ಮನೆಯಲ್ಲೇ ಒಬ್ಬರು ತೋರಿಸಿದ್ದರು. ವಾಪಸ್ ಬರುವಾಗ ಸರೋಜಳ ಮಡಿಲಲ್ಲಿ ಅಕ್ಕ ಕೊಟ್ಟ ಬಾಗಿನವಿತ್ತು. "ಫ್ಯಾನಿನ ವಿಷ್ಯ ನೀನು ಅವತ್ತು ಎಲ್ಲರ ಮುಂದೆನೇ ಗಟ್ಟಿಯಾಗಿ ಹೇಳಿದ್ದಿದ್ರೆ ನಾನು ಕೇಳ್ತಿದ್ದೆನೇನೋ" ಎಂದೆ.

"ಹತ್ತು ಜನ ನಿಂತಿದ್ರು" ಎಂದಳು. "ನೀವು ಬೇರೆ ಅಷ್ಟು ಖುಷಿಯಾಗಿದ್ರಿ."

ಹೋದ ವಾರ ಶೇಖರಪ್ಪನ ಮನೆಯಲ್ಲಿ ಪೂಜೆ. ಮಹಡಿಯ ಮೇಲೆ ಹೊಸ ಸೋಲಾರ್ ಹೀಟರು, ದಕ್ಷಿಣಕ್ಕಿರಬೇಕಾದ ಅದರ ಮುಖ ಉತ್ತರಕ್ಕೆ! ಇಡೀ ಊಟದ ಹೊತ್ತು ನಾಲಿಗೆ ಕಚ್ಚಿಕೊಂಡು ಕೂತೆ, ಬೆವೆತು ಹೋದೆ. ಕೊನೆಯ ನೆಂಟ ಹೋದ ಮೇಲೆ ಶೇಖರಪ್ಪನನ್ನು ಬದಿಗೆ ಕರೆದು ಮೆಲ್ಲಗೆ ಹೇಳಿದೆ.

"ಗೊತ್ತೈತ್ರೀ ಮೇಷ್ಟ್ರೇ, ನಾಳೆ ತಿರುಗಿಸ್ತಾರೆ" ಎಂದ. "ಬೆಳಿಗ್ಗೆನೇ ನಿಮ್ಮ ಮನೆಯವರು ಹೇಳಿದ್ರು. ನಮ್ಮನೆಯವರಿಗೆ ಹೇಳ್ಬೇಡಿ, ಅವರೇ ಬಂದು ಹೇಳ್ಲಿ, ಖುಷಿ ಪಡ್ತಾರೆ ಅಂದಿದ್ರು. ನಾನೊಬ್ಬ, ಬಾಯಿ ಬಿಟ್ಬಿಟ್ಟೆ."

ಮನೆಗೆ ಬಂದೆ. ಸರೋಜ ಹೂ ಕಟ್ಟುತ್ತಿದ್ದಳು. ಶೇಖರಪ್ಪನ ಹೀಟರು ಉತ್ತರಕ್ಕೆ ಮುಖ ಮಾಡಿರುವುದನ್ನೂ, ನಾನು ಅದನ್ನು ಯಾರಿಗೂ ಕೇಳದ ಹಾಗೆ ಅವನಿಗೆ ತಿಳಿಸಿದ್ದನ್ನೂ ವಿವರವಾಗಿ ಹೇಳಿದೆ.

"ಹೌದೇನ್ರೀ!" ಎಂದು ಅವಳು ಕಣ್ಣರಳಿಸಿದಳು. ನಾನು ಹೌದೆಂದೆ.