ಮೊಂಡು ಸೂಜಿ ಮತ್ತು ಹಚ್ಚೆಯ ಹಾಡು

ಮುಖದ ಅಂದಕ್ಕೆ ಚುಚ್ಚುವ ಸೂಜಿಗಳನ್ನು ಡಾಕ್ಟರರಿಗೆ ತೋರಿಸಿ ಮಾರುವುದು ನನ್ನ ಕೆಲಸ. ಗಂಗಾವತಿಯ ಒಂದು ಚರ್ಮದ ದವಾಖಾನೆಯಲ್ಲಿ ಕಾಯುತ್ತಿದ್ದಾಗ ಪಕ್ಕದಲ್ಲಿ ಇರಕಲ್ಲಗಡದ ಅಜ್ಜಿಯೊಬ್ಬಳು ಕೂತಿದ್ದಳು. ಕೆನ್ನೆಯ ಮೊಡವೆ ಕುಳಿ ತುಂಬಿಸಿಕೊಳ್ಳಲು ಬಂದ ಅವಳ ಮೊಮ್ಮಗಳು ಹೆದರಿ ದುಪಟ್ಟಾದ ತುದಿ ಕಚ್ಚುತ್ತಿದ್ದಳು. ಧೈರ್ಯ ಹೇಳೋಣವೆಂದು ನನ್ನ ಮಾದರಿ ಪೆಟ್ಟಿಗೆಯಿಂದ ಸೂಜಿಯೊಂದನ್ನು ತೆಗೆದು ತೋರಿಸಿದೆ.

"ತುದಿ ಮೊಂಡ ಐತಲ್ಲಪಾ! ಹೆಂಗ ಒಳಗ ಹೋಗತೈತಿ?" ಅಂದಳು ಅಜ್ಜಿ.

"ಮೊದಲ ಚೂಪನ ಸೂಜಿಲೆ ಸಣ್ಣ ತೂತು ಮಾಡ್ತಾರ್ರಿ ಯಮ್ಮಾ. ಆಮ್ಯಾಲೆ ಇದು ರಕ್ತನಾಳಕ್ಕ ಪೆಟ್ಟಾಗದಂಗ ಒಳಗೊಳಗ ಸರೀತೈತಿ."

"ಲಂಗಕ್ಕ ಲಾಡಿ ಏರಿಸಿದಂಗ," ಎಂದು ತಲೆದೂಗಿ, ಗದ್ದದ ಹಸಿರು ಹಚ್ಚೆ ಮುಟ್ಟಿಕೊಂಡಳು. "ಇದನ್ನ ಹಾಕುವಾಗ ನೋವು ಮರೀಲಂತ ಹಚ್ಚಿ ಹಾಕಾಕಿ ಹಾಡ ಹಾಡತಿದ್ಲು. ನಿಮ್ಮ ಡಾಕ್ಟರ ಹಾಡತಾರೇನಪಾ?"

"ಇಲ್ರಿ. ಜೋಮು ಹಿಡಿಸೋ ಮುಲಾಮು ಹಚ್ತಾರ."

"ಅದು ಚರ್ಮಕ್ಕಾತು. ಅಂಜಿಕಿಗೆ?"

ನನ್ನ ಪೆಟ್ಟಿಗೆಯಲ್ಲಿ ಅದಕ್ಕೇನೂ ಇರಲಿಲ್ಲ.

ಮೊಮ್ಮಗಳನ್ನು ಕರೆದಾಗ ಅಜ್ಜಿಯೂ ಒಳಗೆ ನಡೆದಳು. ಸ್ವಲ್ಪ ಹೊತ್ತಿಗೆ ಬಾಗಿಲಾಚೆ ಹಾಡು ಶುರುವಾಯಿತು. ಈಗ ಅಜ್ಜಿಯನ್ನು ಹೊರಗೆ ಕಳಿಸುತ್ತಾರೆ ಅಂದುಕೊಂಡೆ. ಹಾಡು ನಿಲ್ಲಲಿಲ್ಲ.

ಕೆಲಸ ಮುಗಿಸಿ ಡಾಕ್ಟರು ಅವರ ಜೊತೆಗೇ ಹೊರಬಂದರು. "ಯಮ್ಮಾ, ನಾಳೆ ಇನ್ನೊಬ್ಬಾಕಿ ಬರಾಕಿ ಅದಾಳ. ಆಕೀನೂ ಭಾಳ ಅಂಜತಾಳ. ನೀವೂ ಬರ್ತೀರೇನ್ರಿ?"

ನನಗೆ ಮಾತ್ರ ಮುಂದಿನ ತಿಂಗಳು ಬರಲು ಹೇಳಿದರು.