ಅಂಚಿನಲ್ಲಿ ನಿಂತವರು

ಮಾಲೂರಿನ ನಮ್ಮ ಹಜಾರದಲ್ಲಿ ಅಪ್ಪ, ತಂಗಿ, ನಾನು ಸೇರಿ ಪುಟ್ಟ ರೈಲುಮಾರ್ಗ ಕಟ್ಟುತ್ತಿದ್ದಾಗ, ಎದುರುಮನೆಯ ನಿವೃತ್ತ ರೈಲ್ವೆ ಗೇಟ್‌ಮ್ಯಾನ್ ದಿನಾ ಸಂಜೆ ಬರುತ್ತಿದ್ದರು. ಕೈ ಹಿಂದೆ ಕಟ್ಟಿಕೊಂಡು ಬಗ್ಗಿ, ಒಂದೊಂದು ಹಳಿಯನ್ನೂ ನೋಡಿ, "ಗಾಡೀನ ನಂಬಬಾರ್ದು ಕಣಮ್ಮ" ಅನ್ನುತ್ತಿದ್ದರು. ನಾವು ಅವರನ್ನೇ ನಂಬುತ್ತಿರಲಿಲ್ಲ. ಅವರು ಬಂದುಹೋದ ಮೇಲೆ, ಪ್ಲಾಟ್‌ಫಾರ್ಮಿನಲ್ಲಿ ನಿಲ್ಲಿಸಿದ್ದ ಉಗುರುದ್ದದ ಪ್ರಯಾಣಿಕರ ಗೊಂಬೆಗಳಲ್ಲಿ ಒಂದೆರಡು ಕಾಣೆಯಾಗಿರುತ್ತಿದ್ದವು.

"ಮನೆಗೆ ತಗೊಂಡೋಗ್ತಾರೇನೋ, ಕೇಳ್ಬೇಡ ಕಣೇ" ಎಂದಳು ಅಮ್ಮ. ನಾನು ಕೇಳಲಿಲ್ಲ, ಅವರ ಜೇಬನ್ನೇ ನೋಡುತ್ತಿದ್ದೆ.

ಒಂದು ಸಂಜೆ ಅವರೆದುರೇ, ಒಳಗೆ ದೀಪ ಕೂರಿಸಲೆಂದು ರಟ್ಟಿನ ಸ್ಟೇಷನ್ನಿನ ಚಾವಣಿ ಎತ್ತಿದೆ. ಕಾಣೆಯಾದವರೆಲ್ಲ ಒಳಗೆ ಗೋಡೆಗೊರಗಿ ನಿಂತಿದ್ದರು. ನಾನು ಗೇಟ್‌ಮ್ಯಾನ್ ಕಡೆ ತಿರುಗಿದೆ.

"ತೀರಾ ಅಂಚಲ್ಲಿ ನಿಂತಿದ್ರು," ಎಂದರು. "ಬಾಯಲ್ಲಿ ಹೇಳಿದ್ರೆ ಯಾರೂ ಕೇಳಲ್ಲ ಕಣಮ್ಮ."